ಸೈಕಲ್ಲು, ಸೂಟಿ, ಅತ್ತಿಮನಿ: ಒಂದು ಬೈಟೂ ಚಾದಾಗ ಮೂರೂ ಮುಗಸೂದು ಹೆಂಗ

ಹುಬ್ಬಳ್ಳ್ಯಾಗ ಯಾರ ಮನಿಗೆ ಹೋದ್ರೂ "ಚಾ ಕುಡೀತೀರೇನ್ರಿ" ಅಂತ ಕೇಳೂದಿಲ್ಲ. ಒಲಿ ಮ್ಯಾಲೆ ಇಟ್ಟು, ಆಮ್ಯಾಲೆ "ಸಕ್ರಿ ಎಷ್ಟ ಹಾಕಲಿ" ಅಂತ ಕೇಳತಾರ. ಇಂಥಾ ಊರಾಗ ಇದ್ದು ಚಾ ಕುಡಿಯೂದು ಹೆಂಗ ಅಂತ ಬರಿಯಾಕ ಹೊಂಟ್ರ ಮಂದಿ ನಕ್ಕಾರು. ನಾ ಹೇಳೂದು ಬ್ಯಾರೆ. ಆರು ವರ್ಷದಿಂದ ಪ್ರತಿ ರವಿವಾರ ಮುಂಜಾನೆ ನಾವು ನಾಕ ಮಂದಿ ಹೆಣಮಕ್ಕಳು ಸೈಕಲ್ ಹೊಡಕೊಂಡು ಹೋಗತೇವಿ, ರಸ್ತೆ ಬಾಜೂ ಚಾದಂಗಡಿ ಬಾಕಿನ ಮ್ಯಾಲೆ ಕುಂದ್ರತೇವಿ, ಅತ್ತಿಮನಿ ಸಿಟ್ಟು ಅಲ್ಲೇ ಕಾರಿಕೋತೇವಿ, ಎಂಟೂವರಿ ಒಳಗ ಮನಿ ಮುಟ್ಟಿ ಅದೇ ಅತ್ತಿಗೆ ನಗುನಗತಾ ಉಪ್ಪಿಟ್ಟು ಮಾಡಿ ಹಾಕತೇವಿ. ಇದು ಸುಮ್ಮ ಸುಮ್ಮನ ಕೈಹತ್ತಿದ್ದಲ್ಲ. ಒಂದು ಕುಕ್ಕರು ಕಳಕೊಂಡು, ಮೂರು ವಾರ ಮನ್ಯಾಗ ಮಾತಿಲ್ಲದ ಕಳದು ಕಲತದ್ದು. ನಿಮಗ ಆ ತ್ರಾಸು ಬ್ಯಾಡಂತ ಬರೀತೇನಿ.

ಮೊದಲ ಮಂದಿ ಆರಿಸೂದು. ನಾಕ ಮಂದಿ ಬರೋಬರಿ. ಇಬ್ಬರ ಇದ್ರ ಒಬ್ಬಾಕಿ ಅಳತಾಳ, ಒಬ್ಬಾಕಿ ಕೇಳತಾಳ, ಅಷ್ಟಕ್ಕ ಮುಗೀತೈತಿ. ಆರ ಮಂದಿ ಆದ್ರ ಅದು ಮಹಿಳಾ ಮಂಡಳ ಆಗಿ, ಅಧ್ಯಕ್ಷರು ಯಾರಂತ ಜಗಳ ಹತ್ತತೈತಿ. ನಮ್ಮೊಳಗ ಒಬ್ಬಾಕಿ ಹೈಸ್ಕೂಲಿನಾಗ ಗಣಿತ ಕಲಸತಾಳ, ಒಬ್ಬಾಕಿ ಬ್ಯಾಂಕಿನಾಕಿ, ಒಬ್ಬಾಕಿ ಬ್ಲೌಸು ಹೊಲಿಯಾಕಿ, ನಾನು ಔಷಧಂಗಡಿ ಲೆಕ್ಕ ಬರಿಯಾಕಿ. ಒಂದೇ ಓಣಿಯವ್ರು ಬ್ಯಾಡ, ಒಂದೇ ಮನೆತನದವ್ರು ಅಂತೂ ಬ್ಯಾಡೇ ಬ್ಯಾಡ. ನೆಗೆಣ್ಣಿ ಎಷ್ಟೇ ಛಲೋ ಇದ್ರೂ ಕರಕೊಂಡು ಹೋಗಬ್ಯಾಡ್ರಿ. ಇವತ್ತ ನಿಮ್ಮ ಪಾರ್ಟಿ ಇದ್ದಾಕಿ ಬುಧವಾರ ಅತ್ತಿ ಪಾರ್ಟಿ ಆಗಿರತಾಳ.

ಇನ್ನ ಸೈಕಲ್ಲು. ಐವತ್ತು ದಾಟಿದ ಮ್ಯಾಲೆ ಯಾಕ ಬೇಕಿತ್ತು ಅಂತ ನಮ್ಮ ಅತ್ತಿನೂ ಕೇಳಿದ್ರು. ವಾಕಿಂಗ್ ಹೋಗಬಾರದೇನು ಅಂದ್ರು. ಹೋಗಬಹುದು, ಆದ್ರ ವಾಕಿಂಗಿನಾಗ ಮಾತು ಮೊದಲನೇ ಹೆಜ್ಜಿಂದನ ಚಾಲೂ ಆಗತೈತಿ. ಸಿಟ್ಟು ಬಿಸಿಬಿಸಿ ಇರತೈತಿ, ದನಿ ಏರತೈತಿ, ವಾಕಿಂಗಿಗೆ ಬಂದ ಅರ್ಧಾ ಊರು ಕೇಳತೈತಿ. ಸೈಕಲ್ಲಿನ ಮ್ಯಾಲೆ ಹಂಗಲ್ಲ. ಹುಬ್ಬಳ್ಳಿಕಿಂತ ಧಾರವಾಡ ಎತ್ತರದಾಗ ಐತಿ. ವಿದ್ಯಾನಗರ ಬಿಟ್ಟು ಉಣಕಲ್ಲ ಕೆರಿ ದಾಟಿ, ಭೈರಿದೇವರಕೊಪ್ಪ, ನವನಗರ, ರಾಯಾಪುರ ಅಂತ ಹೊಂಟ್ರ ಒಂದು ಇಳಕಲು ಬಂದು ಎರಡು ಏರು ಬರತಾವ. ಏರಿನಾಗ ಉಸರು ತಗೊಳಾಕ ಪುರಸೊತ್ತಿರೂದಿಲ್ಲ, ಅತ್ತಿ ಸುದ್ದಿ ಎಲ್ಲಿಂದ ಬರಬೇಕು? ಚಾದಂಗಡಿ ಮುಟ್ಟೂದ್ರಾಗ ಅರ್ಧಾ ಸಿಟ್ಟು ಬೆವರಿನ್ಯಾಗ ಹೋಗಿರತೈತಿ. ಉಳದ ಅರ್ಧಾ ಮಾತ್ರ ಆಡಾಕ ಲಾಯಕ್ಕಿದ್ದದ್ದು.

ಮಳಿಗಾಲದಾಗ ಇದಕ್ಕ ಗಾಳಿನೂ ಕೂಡತೈತಿ. ಜೂನ್‌ನಿಂದ ಆಗಸ್ಟ್ ತನಕ ನಮ್ಮ ಕಡೆ ಪಡುವಲ ಗಾಳಿ ಜೋರು. ಧಾರವಾಡದ ಕಡೆ ಹೋಗೂಮುಂದ ಎದುರಿಗೆ ಬಡೀತೈತಿ, ಬರೂಮುಂದ ಬೆನ್ನಿಗೆ ಕೈ ಹಚ್ಚಿ ದಬ್ಬತೈತಿ. ಯಾವಾಗಲೂ ಮೊದಲ ಎದುರುಗಾಳಿಗೆ ಹೋಗ್ರಿ, ತಿರುಗಿ ಬರೂಮುಂದ ಬೆನ್ನಗಾಳಿ ಇರಲಿ. ಒಮ್ಮೆ ಗದಗ ರಸ್ತೆ ಹಿಡದು ಹುಮ್ಮಸ್ಸಿಲೆ ಹೋಗಿಬಿಟ್ಟಿವಿ. ಏನ್ ಹಗರ್ಕ ಓಡತಾವ ಸೈಕಲ್ಲು ಅಂತ ನಾವ ನಮ್ಮ ಕಾಲು ಹೊಗಳಿಕೊಂಡಿವಿ. ಬರೂಮುಂದ ಗೊತ್ತಾತು. ಅವತ್ತ ಮನಿ ಮುಟ್ಟಿದಾಗ ಹತ್ತೂವರಿ, ಉಪ್ಪಿಟ್ಟು ಅತ್ತಿ ಮಾಡಿದ್ರು, ಅದರ ಲೆಕ್ಕ ಇವತ್ತಿಗೂ ಚುಕ್ತಾ ಆಗಿಲ್ಲ.

ಮತ್ತ ಅದು ಎರಿ ಭೂಮಿ. ಹುಬ್ಬಳ್ಳಿಯಿಂದ ಮೂಡಲಕ್ಕ, ಅಣ್ಣಿಗೇರಿ, ನವಲಗುಂದದ ಕಡೆ ಮಳಿ ಆದ ಮ್ಯಾಲೆ ಡಾಂಬರು ಬಿಟ್ಟು ಇಳಿಯಬ್ಯಾಡ್ರಿ. ಎರಿ ರಾಡಿ ಚಕ್ರಕ್ಕ ಮೆತ್ತಿ, ಮಡ್‌ಗಾರ್ಡಿನಾಗ ಗಟ್ಟಿ ಆಗಿ, ಚಕ್ರ ತಿರಗೂದ ನಿಂದರತೈತಿ. ಕಡ್ಡಿ ತಗೊಂಡು ಕೆರಕೋತ ಕುಂದ್ರಬೇಕು. ಕಲಘಟಗಿ ಕಡೆ ಕೆಂಪ ಮಣ್ಣು, ಅಷ್ಟು ಹಟಮಾರಿ ಅಲ್ಲ.

ಸೈಕಲ್ ಯಾವುದಿದ್ರೂ ನಡೀತೈತಿ. ನಂದು ಮಗ ಪಿಯುಸಿಗೆ ಇದ್ದಾಗ ಹಟಾ ಮಾಡಿ ತಗೊಂಡು, ನಾಕ ತಿಂಗಳು ಹೊಡದು, ಜಿನ್ನಿಯ ಕೆಳಗ ಒಗದಿದ್ದ ಗೇರ್ ಸೈಕಲ್ಲು. ಆದ್ರ ಸೀಟು ಮಾತ್ರ ಅಳತಿಗೆ ಇರಬೇಕು. ಗ್ವಾಡಿಗೆ ಕೈ ಹಚ್ಚಿ ಸೀಟಿನ ಮ್ಯಾಲೆ ಕುಂದ್ರಿ. ಪೆಡಲ್ ಪೂರಾ ಕೆಳಗ ಇದ್ದಾಗ ಹಿಮ್ಮಡ ಅದರ ಮ್ಯಾಲೆ ಇಡ್ರಿ, ಮೊಣಕಾಲು ನೆಟ್ಟಗ ಆಗಬೇಕು. ಹಂಗಾದ್ರ ಮುಂಗಾಲಿನಿಂದ ತುಳಿಯೂಮುಂದ ಮೊಣಕಾಲು ಎಷ್ಟು ಬೇಕೋ ಅಷ್ಟ ಬಾಗತೈತಿ. ನಮ್ಮ ಹೆಣಮಕ್ಕಳು ಎರಡೂ ಕಾಲು ನೆಲಕ್ಕ ಹತ್ತಲಿ ಅಂತ ಸೀಟು ಇಳಸಿಕೋತಾರ, ತಿಂಗಳೊಪ್ಪತ್ತಿನಾಗ ಮೊಣಕಾಲು ಹಿಡಕೊಂಡು ಕುಂದ್ರತಾರ. ನಾನೂ ಹಂಗ ಮಾಡಿ ಕಲತಾಕಿ. ಈಗ ನನ್ನ ಅಳತಿ ತಪ್ಪಬಾರದಂತ ಸೀಟಿನ ಪೈಪಿಗೆ ಕೆಂಪ ನೇಲ್ ಪಾಲಿಶ್‌ನಿಂದ ಒಂದು ಗೆರಿ ಹಾಕಿಟ್ಟೇನಿ.

ಗಾಳಿ ಎಷ್ಟು ತುಂಬಬೇಕಂತ ಟೈರಿನ ಮಗ್ಗಲಕ್ಕ ಬರದಿರತೈತಿ, ಓದಿಕೊಳ್ರಿ. ಏರು ಬಂದ ಮ್ಯಾಲೆ ಗೇರ್ ಇಳಸಬ್ಯಾಡ್ರಿ, ಬರೂಕಿಂತ ಮೊದಲ ಇಳಸ್ರಿ, ಇಲ್ಲಾಂದ್ರ ಚೈನು ಕಟಕಟ ಅಂದು ಬೀಳತೈತಿ. ಜಾಲಿಮುಳ್ಳು ಹಾಯತೈತಿ, ಪಂಪು, ಒಂದು ಟ್ಯೂಬು ಚೀಲದಾಗ ಇರಲಿ. ಪಂಚರ್ ತಗದು ಹೊಸ ಟ್ಯೂಬ್ ಹಾಕೂಮುಂದ ಟೈರಿನ ಒಳಗ ಕೈಯಾಡಿಸಿ ನೋಡ್ರಿ, ಮುಳ್ಳು ಅಲ್ಲೇ ಕುಂತಿರತೈತಿ. ಚಿಗರಿ ಬಸ್ಸಿಗಂತ ಬ್ಯಾರೆ ಮಾಡಿದ ದಾರ್‍ಯಾಗ ಸೈಕಲ್ ಹಾಕಬ್ಯಾಡ್ರಿ, ಖಾಲಿ ಕಂಡ್ರೂ ಬ್ಯಾಡ. ಡಿಸೆಂಬರದಾಗ ಆರಕ್ಕ ಇನ್ನೂ ಕತ್ತಲಿ ಇರತೈತಿ, ಹಿಂದ ಕೆಂಪ ಲೈಟು ಬೇಕು. ಸೈಕಲ್ಲಿನ ಬಗ್ಗೆ ಇಷ್ಟ ಸಾಕು.

ಚಾದಂಗಡಿ ಆರಿಸೂದ್ರಾಗ ನಾವು ಮುಗ್ಗರಿಸಿದ್ದು. ಮೊದಲಿಗೆ ಮನಿ ಹತ್ತರನ, ವಿದ್ಯಾನಗರದ ಒಂದು ಅಂಗಡಿಗೆ ಹೋಗತಿದ್ದಿವಿ. ಒಂದು ದೀಪಾವಳಿ ಮುಗದ ರವಿವಾರ. ನಮ್ಮ ನಾದಿನಿ ಹಬ್ಬಕ್ಕ ಬಂದಾಕಿ ಹನ್ನೊಂದು ದಿನ ಇದ್ದು, ಹೋಗೂಮುಂದ ನನ್ನ ಹೊಸಾ ಕುಕ್ಕರ್ ಎತ್ತಿ "ಅವ್ವಗ ಇಷ್ಟ ದೊಡ್ಡದು ಯಾಕ ಬೇಕು" ಅಂತ ಚೀಲಕ್ಕ ಹಾಕಿಕೊಂಡು ಹೋಗಿದ್ಲು. ಅದನ್ನ ನಾ ಹೆಸರು, ಊರು, ಕುಕ್ಕರಿನ ಲೀಟರು ಸಹಿತ ಬಣ್ಣಿಸಿ ಹೇಳಿದೆ. ಮಗ್ಗಲ ಬಾಕಿನ ಮ್ಯಾಲೆ ಒಬ್ಬ ಹಿರ್‍ಯಾ ಮಂಕಿ ಟೋಪಿ ಹಾಕ್ಕೊಂಡು ಪೇಪರ್ ಓದತಿದ್ದ. ಆತ ಒಂದೂ ಪುಟ ತಿರಿವಲಿಲ್ಲ, ಅದನ್ನ ನಾ ನೋಡಬೇಕಿತ್ತು. ಆತ ನಾದಿನಿ ಗಂಡನ ಸೋದರಮಾವ. ಮಧ್ಯಾಹ್ನ ಎರಡಕ್ಕ ಕುಕ್ಕರು ಆಟೋದಾಗ ವಾಪಸ್ ಬಂತು. ಸೀಟಿ ಇರಲಿಲ್ಲ.

ಹುಬ್ಬಳ್ಳಿ-ಧಾರವಾಡದಾಗ ಯಾರನ್ನ ಹಿಡದ್ರೂ ಮೂರನೇ ಪ್ರಶ್ನೆಗೆ ಬೀಗರು ಆಗತಾರ. ಹಿಂಗಾಗಿ ಅಂಗಡಿ ಮನಿಯಿಂದ 8–10 ಕಿಲೋಮೀಟರ್ ಆದ್ರೂ ದೂರ ಇರಲಿ. ನವಲೂರಿನ ಆಚೀಚೆ ಒಂದು ನಮಗ ಕಾಯಂ ಆಗೈತಿ. ಪ್ಯಾರಲ ಹಣ್ಣಿನ ಹಂಗಾಮಿನ್ಯಾಗ ಬುಟ್ಟಿ ಇಟ್ಕೊಂಡು ಕುಂತಿರತಾರ, ಮನಿಗೆ ಒಯ್ಯಾಕೂ ಒಂದು ನೆವ ಸಿಗತೈತಿ. ಬಾಕು ಗ್ವಾಡಿಗೆ ಹತ್ತಿರಬೇಕು, ಬೆನ್ನ ಹಿಂದ ಯಾರೂ ಕುಂದ್ರಬಾರದು. ಸೈಕಲ್ ಕಣ್ಣಿಗೆ ಕಾಣೂವಂಗ ನಿಂದ್ರಸ್ರಿ. ಭಾಂಡಿ ತಿಕ್ಕೂ ಸಪ್ಪಳ, ಸ್ಟೋವಿನ ಭುಸ್ ಅನ್ನೂ ಸಪ್ಪಳ ಇದ್ದ ಅಂಗಡಿ ಉತ್ತಮ, ಮಾತಿಗೆ ಮರಿ ಆಗತೈತಿ. ಕಾಜಿನ ಗ್ಲಾಸಿನ್ಯಾಗ ಕೊಡಾವ ಆಗಿರಬೇಕು. ಕಾಗದದ ಕಪ್ಪಿನ ಚಾ ಮಾತಿಗೆ ಬರೂದಿಲ್ಲ, ಎರಡು ಗುಟಕಿಗೆ ಮುಗದು ಕಪ್ಪು ಮೆತ್ತಗಾಗತೈತಿ.

ಆರ್ಡರ್ ಹೇಳೂದಕ್ಕೂ ಕ್ರಮ ಐತಿ. ಮೊದಲ ಎರಡು ಚಾ ಬೈಟೂ, ಶುಂಠಿ ಹಾಕಿ, ಖಡಕ್. ಗಿರ್ಮಿಟ್ಟು, ಮಿರ್ಚಿ ಆಗಲೇ ಹೇಳಬ್ಯಾಡ್ರಿ. ಬಾಯಾಗ ಮಂಡಕ್ಕಿ ಇದ್ರ ಸುದ್ದಿ ಕೆಡತೈತಿ, ಮಿರ್ಚಿ ಖಾರಕ್ಕ ಬಂದ ಕಣ್ಣೀರು ಯಾವುದು, ಅತ್ತಿ ಮಾತಿಗೆ ಬಂದದ್ದು ಯಾವುದು ಅಂತ ತಿಳಿಯೂದಿಲ್ಲ. ಗಿರ್ಮಿಟ್ಟು ಎಲ್ಲಾ ಮುಗದ ಮ್ಯಾಲೆ.

ಮೊದಲನೇ ಬೈಟೂಗೆ ಸೂಟಿ ಸುದ್ದಿ. ಸೂಟಿ ಸುದ್ದಿ ಹಗರ್ಕ ಇರತೈತಿ, ಎಲ್ಲಾರೂ ಮಾತಾಡತಾರ, ಮತ್ತ ಅದು ತಾನ ತಾನಾಗಿ ಅತ್ತಿಮನಿ ಬಾಗಿಲಿಗೆ ಬಂದು ನಿಂದರತೈತಿ. ಪಂಚಮಿ ತಗೋರಿ. ನಾವು ಉಂಡಿ ಕಟ್ಟಿಕೊಂಡು ತವರಿಗೆ ಹೋಗಬೇಕು, ಜೋಕಾಲಿ ಆಡಬೇಕು. ಅದೇ ಪಂಚಮಿಗೆ ನಾದಿನಿನೂ ತವರಿಗೆ ಬರಬೇಕು. ಆಕಿ ತವರು ಅಂದ್ರ ನಮ್ಮ ಅಡಗಿಮನಿ. ಇಷ್ಟ ಹೇಳಿದ್ರ ಸಾಕು, ಮುಂದಿನ ಮಾತಿಗೆ ದಾರಿ ಆತು.

ಸೂಟಿ ಪ್ಲ್ಯಾನ್ ಹಾಕೂದು ಒಂದು ಕಲಾ, ಮನಿಯವ್ರ ಮುಂದ ಅದನ್ನ ಇಡೂದು ಇನ್ನೊಂದು ಕಲಾ. ಎರಡನೇದನ್ನ ಚಾದಂಗಡ್ಯಾಗ ತಾಲೀಮು ಮಾಡಬೇಕು. ಸಮುದ್ರಕ್ಕ ಹೋಗತೇವಿ ಅಂದ್ರ ನಮ್ಮ ಅತ್ತಿ "ನೀರ ನೋಡಾಕ ಅಷ್ಟ ದೂರ ಯಾಕ, ಉಣಕಲ್ಲ ಕೆರಿ ಇಲ್ಲೇನು" ಅಂತಾರ. ಮಹಾಬಳೇಶ್ವರಗ ಹೋಗತೇವಿ ಅಂದ್ರ ಅವರ ಮೊದಲ ಚೀಲ ಕಟ್ಟತಾರ. ಎರಡೂ ಗೋಕರ್ಣನ. ಮುಂಜಾನೆ ದೇವರು, ಸಂಜಿಗೆ ದಂಡಿ. ಯಲ್ಲಾಪುರದಾಗ ಹೊಟ್ಟಿ ತುಂಬ ತಿನಸಬ್ಯಾಡ್ರಿ, ಮುಂದ ಅರಬೈಲ್ ಘಾಟಿನ ತಿರುವು ಬರತಾವ. ವಾಂತಿ ಆಗಾವ್ರನ್ನ ಮುಂದಿನ ಸೀಟಿಗೆ ಕುಂದ್ರಸ್ರಿ. ಅತ್ತಿ ಮುಂದ ಕುಂತ್ರ ಹಿಂದ ಕುಂತಾವ್ರಿಗೆ ನಾಕ ತಾಸು ಮಾತಾಡಾಕ ಆರಾಮ, ಅದೊಂದು ಹೆಚ್ಚಿನ ಲಾಭ.

ಒಂದು ದಿನದ ಸೂಟಿ ಇದ್ರ ಗದಗ ಕಡೆ ಹೋಗ್ರಿ. ಲಕ್ಕುಂಡಿಯೊಳಗ ಬ್ರಹ್ಮ ಜಿನಾಲಯ ಐತಿ, ಸಾವಿರ ವರ್ಷದ ಹಿಂದ, 1007ರ ಸುಮಾರು, ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು. ಟೀಚರ್ ಈ ಹೆಸರು ಹೇಳಿದ ಕೂಡಲೆ ಬ್ಲೌಸಿನಾಕಿ "ಏನವಾ, ಅಲ್ಲೂ ಅತ್ತಿನೇನು" ಅಂದ್ಲು. ಚಳಿಗಾಲದಾಗ ಹೋದ್ರ ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿ ಬಿಡಬ್ಯಾಡ್ರಿ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರತಾವ, 2024ರಾಗ ಆ ಕೆರಿಗೆ ರಾಮ್ಸರ್ ತಾಣ, ಅಂದ್ರ ಜಗತ್ತಿನ ಮಹತ್ವದ ಜೌಗು ಜಾಗಾ ಅಂತ ಮಾನ್ಯತೆ ಸಿಕ್ಕೈತಿ. ಬ್ಯಾಂಕಿನಾಕಿ ಅವನ್ನ ನೋಡಿ ಭಾಳ ಹೊತ್ತು ಸುಮ್ಮನ ನಿಂತಿದ್ಲು. ಆಮ್ಯಾಲೆ "ವರ್ಷಾ ಇದೇ ಹೊತ್ತಿಗೆ ಬರತಾವ, ತಿಂಗಳಗಟ್ಲೆ ಇರತಾವ, ಸುತ್ತ ಹೊಲಾ ಎಲ್ಲಾ ಮೇಯತಾವ, ಮಂದಿ ಮಾತ್ರ ಹೊಗಳತಾರ" ಅಂದ್ಲು. ಆಕಿ ಮೈದುನನ ಕುಟುಂಬ ಬೆಂಗಳೂರಿನಿಂದ ಅದೇ ತಿಂಗಳು ಬಂದಿತ್ತು.

ಎರಡನೇ ಬೈಟೂ ಬಂತಂದ್ರ ಅತ್ತಿಮನಿ ಸುದ್ದಿ. ಕುಕ್ಕರ್ ಪ್ರಕರಣ ಆದ ಮ್ಯಾಲೆ ನಾವು ಹೆಸರು ಹೇಳೂದು ಬಿಟ್ಟೇವಿ, ಸೈಕಲ್ಲಿನ ಭಾಷಾದಾಗ ಮಾತಾಡತೇವಿ. ಅತ್ತಿ ಅಂದ್ರ ಹಿಂದಿನ ಬ್ರೇಕು. ಮಾವ ಅಂದ್ರ ಸ್ಟ್ಯಾಂಡು, ಸೈಕಲ್ ನಿಂತಾಗ ಮಾತ್ರ ಕೆಲಸಕ್ಕ ಬರಾವ. ನಾದಿನಿ ಬೆಲ್ಲು, ರಸ್ತೆ ಖಾಲಿ ಇದ್ರೂ ಬಾರಿಸಿಕೋತ ಇರಾಕಿ. ನೆಗೆಣ್ಣಿ ಡೈನಮೋ. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹಳೇ ಸೈಕಲ್ಲಿಗೆ ಬಾಟ್ಲಿಯಂಥಾ ಡೈನಮೋ ಇರತಿತ್ತು, ಅದನ್ನ ಟೈರಿಗೆ ಆನಿಸಿದ್ರ ಚಕ್ರಕ್ಕ ತಿಕ್ಕಿ ತಿಕ್ಕಿ ಲೈಟು ಹತ್ತತಿತ್ತು. ತುಳಿಯಾವ್ರು ನಾವು, ಬೆಳಗೂದು ಅದು. ಗಂಡಗ ಹೆಸರಿಟ್ಟಿಲ್ಲ. ಯಾವ ಭಾಗ ಅಂತ ಆರು ವರ್ಷದಿಂದ ಚರ್ಚಾ ನಡದೈತಿ, ಟೀಚರ್ ಮಾತ್ರ ಕ್ಯಾರಿಯರ್ ಅಂತ ಪಟ್ಟು ಹಿಡದಾಳ.

ಈ ಭಾಷಾಕ್ಕ ಒಂದ ಅಡಚಣಿ ಐತಿ. ಒಮ್ಮೆ ಬ್ಲೌಸಿನಾಕಿ "ನಿನ್ನೆ ಸಂಜಿಂದ ಹಿಂದಿನ ಬ್ರೇಕು ಮೂರು ತಾಸು ಕಿರಗುಟ್ಟಿತವಾ, ತಲಿ ಚಿಟ್ಟ ಹಿಡೀತು" ಅಂದ್ಲು. ಚಾ ಸೋಸತಿದ್ದ ಅಂಗಡಿಯಾವ ತಿರುಗಿ "ಅಕ್ಕಾರ, ಎರಡ ಹನಿ ಎಣ್ಣಿ ಬಿಡ್ರಿ" ಅಂದ. ನಾವು ನಕ್ಕು ನಕ್ಕು ಚಾ ಚೆಲ್ಲಿದಿವಿ. ಆದ್ರ ಇಲ್ಲೊಂದು ಖರೇ ಮಾತು ಹೇಳಬೇಕು: ಬ್ರೇಕಿನ ರಬ್ಬರಿಗೆ, ರಿಮ್ಮಿಗೆ ಎಣ್ಣಿ ತಾಗಿಸಬ್ಯಾಡ್ರಿ, ಹಿಡಿಯೂದ ಬಿಟ್ಟುಬಿಡತೈತಿ. ಎಣ್ಣಿ ಚೈನಿಗೆ. ಕಿರಗುಟ್ಟೂ ಬ್ರೇಕಿಗೆ ರಿಮ್ಮು ಒರಸೂದು, ರಬ್ಬರು ಸವದಿದ್ರ ಬದಲಿ ಹಾಕೂದು. ಅತ್ತಿಗೂ ಎಣ್ಣಿ ಹಚ್ಚಿ ನೋಡಿದಾಕಿ ನಾನು, ಅದೂ ನಡಿಯೂದಿಲ್ಲ.

ಹೇಳೂಮುಂದ ಸಣ್ಣದು ಹೇಳ್ರಿ. "ನಮ್ಮತ್ತಿ ಭಾಳ ಕೆಟ್ಟಾಕಿ" ಅನ್ನೂದು ಸುದ್ದಿ ಅಲ್ಲ, ಅದು ತೀರ್ಪು. ಕೇಳಾವ್ರಿಗೆ ಹಿಡಕೊಳ್ಳಾಕ ಏನೂ ಸಿಗೂದಿಲ್ಲ. "ನಾ ರೊಟ್ಟಿ ಬಡದು ಇಟ್ಟದ್ದನ್ನ ಬೆಳಕಿಗೆ ಹಿಡದು ನೋಡತಾರ" ಅನ್ರಿ, ನಾಕೂ ಮಂದಿಗೆ ಆ ರೊಟ್ಟಿ ಕಾಣತೈತಿ. ಟೀಚರ್ ಅತ್ತಿ ಹಾಲಿನ ಪಾಕೀಟಿನ ಮೂಲಿ ಆಕಿ ಕತ್ತರಿಸಿದ್ದು ದೊಡ್ಡದಾತು ಅಂತ ಹದಿನೆಂಟು ವರ್ಷದಿಂದ ಹೇಳಕೋತ ಬಂದಾರ. ಟೀಚರ್ ಒಂದು ಸಲ ಅಳತಿ ಪಟ್ಟಿ ಹಿಡದು, ಬರೋಬರಿ ಅರ್ಧಾ ಸೆಂಟಿಮೀಟರ್ ಕತ್ತರಿಸಿ ಮುಂದ ಇಟ್ಲು. ಅತ್ತಿ ನೋಡಿ, "ಇವತ್ತ ಸಣ್ಣದಾತು" ಅಂದ್ರು.

ಕೇಳಾವ್ರ ಕೆಲಸ ಹೇಳಾವ್ರ ಕೆಲಸಕ್ಕಿಂತ ಕಠಿಣ. ಉಪದೇಶ ಮಾಡಬ್ಯಾಡ್ರಿ. "ನಮ್ಮತ್ತಿ ಇದಕ್ಕಿಂತ..." ಅಂತ ಆಕಿ ಸುದ್ದಿ ಮ್ಯಾಲೆ ನಿಮ್ಮ ಸುದ್ದಿ ಹೇರಬ್ಯಾಡ್ರಿ, ನಿಮ್ಮ ಪಾಳಿ ಬರತೈತಿ. "ಹೌದನು?" ಅನ್ರಿ. ನಡುವ ಒಂದ ಪ್ರಶ್ನೆ ಕೇಳ್ರಿ, ಅದೂ ಸಣ್ಣದ: "ರೊಟ್ಟಿ ಯಾವ ಕಿಡಕಿಗೆ ಹಿಡದ್ರು?" ಆಕಿ ತನ್ನ ಗಂಡಗ ಬೈದ್ರೂ ನೀವು ಬೈಯಬ್ಯಾಡ್ರಿ. ಬುಧವಾರದೊಳಗ ಅವರು ಒಂದಾಗಿರತಾರ, ನೀವು ಬೈದದ್ದು ಮಾತ್ರ ಉಳೀತೈತಿ. ಹೋದ ವಾರದ ಸುದ್ದಿ ಈ ವಾರ ಕೆದರಬ್ಯಾಡ್ರಿ. ಗ್ಲಾಸು ಖಾಲಿ ಆತಂದ್ರ ಸುದ್ದಿ ಮುಗೀತು, ಆಗ ಗಿರ್ಮಿಟ್ಟು. ಅವತ್ತ ಯಾರ ಸುದ್ದಿ ಉದ್ದ ಆತೋ ಅವರ ಬಿಲ್ಲು ಕೊಡಬೇಕು. ಈ ನಿಯಮ ತಂದ ಮ್ಯಾಲೆ ನಮ್ಮ ನಾಕೂ ಮಂದಿ ಅತ್ತ್ಯಾರು ಸುಧಾರಿಸ್ಯಾರ.

ಕೈ ಮಾಡೂದು, ವರದಕ್ಷಿಣಿ, ಉಪವಾಸ ಕೆಡವೂದು, ಇಂಥಾವು ಚಾದ ಸುದ್ದಿ ಅಲ್ಲ. ಒಮ್ಮೆ ಬ್ಯಾರೆ ಒಬ್ಬಾಕಿ ಹೊಸದಾಗಿ ನಮ್ಮ ಜೋಡಿ ಬಂದು ನಗುನಗತಾ ಅಂಥಾದ್ದೊಂದು ಹೇಳಿದ್ಲು. ಯಾರೂ ನಗಲಿಲ್ಲ. ಮಹಿಳಾ ಸಹಾಯವಾಣಿ 181, ತುರ್ತು ಇದ್ರ 112, ಎರಡೂ ನಂಬರು ಅಲ್ಲೇ ಆಕಿ ಫೋನಿನಾಗ ಹಾಕಿಕೊಟ್ಟು, ಟೀಚರ್ ಆಕಿನ್ನ ಮನಿ ತನಕ ಬಿಟ್ಟು ಬಂದ್ಲು.

ಹೋದ ವರ್ಷ ನನ್ನ ಮಗನ ಲಗ್ನ ಆತು. ಅಂದ್ರ ಈಗ ನಾನೂ ಒಬ್ಬಾಕಿ ಸೊಸಿಗೆ ಹಿಂದಿನ ಬ್ರೇಕು. ಅಕ್ಷತಾ ಬಿದ್ದ ಮರು ರವಿವಾರನ ಬ್ಲೌಸಿನಾಕಿ ಗಿರ್ಮಿಟ್ಟು ತಿನಕೋತ ಇದನ್ನ ನೆನಪು ಮಾಡಿದ್ಲು. ಸೊಸಿ ಛಲೋ ಹುಡಿಗಿ, ಹಾವೇರಿ ಕಡೆಯಾಕಿ, ಮಾತು ಕಡಿಮಿ. ಮೊನ್ನೆ ಬಂದು "ಅತ್ತಿ, ಶನಿವಾರ ನಿಮ್ಮ ಸೈಕಲ್ಲು ಒಯ್ಯಲೇನ್ರಿ? ಆಫೀಸಿನ್ಯಾಗಿನ ಮೂರು ಹುಡಿಗ್ಯಾರು ಹೊಂಟಾರ" ಅಂದ್ಲು. ಎಲ್ಲಿಗೆ ಅಂತ ನಾ ಕೇಳಲಿಲ್ಲ. ಪಂಪು ಕೊಟ್ಟೆ, ಹಿಂದಿನ ಲೈಟು ಹೆಂಗ ಹತ್ತಸೂದು ತೋರಿಸಿದೆ. ಮುಂಜಾನೆ ಐದೂವರಿಗೆ ಹೋದಾಕಿ ಒಂಬತ್ತಕ್ಕ ಬಂದ್ಲು, ಮುಖಾ ಕೆಂಪಗಾಗಿ, ಏನೋ ನೆನಸಿ ನಗಕೋತ. ಬಾಯಾಗ ಶುಂಠಿ ವಾಸನಿ. ಉಪ್ಪಿಟ್ಟು ತಾನ ಮಾಡಿದ್ಲು, ನನಗ ಮೊದಲ ಬಡಿಸಿದ್ಲು.

ಮರುದಿನ ರವಿವಾರ ನಾ ಕತ್ತಲ್ಯಾಗ ಸೈಕಲ್ ಹೊರಗ ತಗದು ಏರಾಕ ಹೋದ್ರ ಕಾಲ ನೆಲಕ್ಕ ಹತ್ತವಲ್ಲವು. ಮೊಬೈಲಿನ ಬೆಳಕು ಹಿಡದು ನೋಡಿದೆ. ಕೆಂಪ ಗೆರಿ ಮೂರ ಬಟ್ಟು ಮ್ಯಾಲೆ ನಿಂತಿತ್ತು. ಸೀಟು ಏರಿಸಿಕೊಂಡಾಕಿ ತಿರುಗಿ ಇಳಸಿಟ್ಟಿಲ್ಲ. ಅವತ್ತಿನ ಬಿಲ್ಲು ನಾನ ಕೊಟ್ಟೆ.